ಆಣೆ ಮಾಡಿಸೋದು ಸುಲಭ, ಮುಂದಿನ ವಾರ ಎಲ್ಲಿ ಕೂಡಿಸ್ತೀರಿ?

ನಿಮ್ಮ ತಮ್ಮ ಚಿಕ್ಕೋಡಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿದ್ದಾನೆ, ಕುಡಿತ ಬಿಡ್ತೀನಿ ಅಂತಿದ್ದಾನೆ, ಅಲ್ಲಿ ಹತ್ತಿರ ಕುಡಿತ ಬಿಟ್ಟವರ ಯಾವುದಾದರೂ ಗುಂಪು ಇದೆಯಾ ಅಂತ ಮೈಸೂರಿನಿಂದ ಕೇಳಿದ್ದೀರಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಮ್ಮ ಕಡೆ ಕುಡಿತ ಬಿಡಿಸುವ ಜಾಗ ಬಹಳ, ಬಿಟ್ಟವನು ಮುಂದಿನ ವಾರ ಹೋಗಿ ಕೂಡುವ ಜಾಗ ಕಡಿಮೆ. ನೀವು ಹುಡುಕಬೇಕಾದ್ದು ಎರಡನೆಯದನ್ನು.

ಮೊದಲನೆಯದಕ್ಕೆ ಕೊರತೆಯೇ ಇಲ್ಲ ನೋಡ್ರಿ. ನಿಪ್ಪಾಣಿ, ಚಿಕ್ಕೋಡಿ, ಅಥಣಿ ಭಾಗದಲ್ಲಿ ಪಂಢರಪುರದ ವಿಠ್ಠಲನ ಹೆಸರಲ್ಲಿ ತುಳಸಿ ಮಾಲೆ ಹಾಕಿಕೊಂಡರೆ ಅವತ್ತಿನಿಂದ ದಾರೂ, ಮಾಂಸ ಎರಡೂ ಬಂದ್. ಕೊರಳಲ್ಲಿ ಮಾಲೆ ಕಂಡರೆ ಜೊತೆಗೆ ಕುಡಿಯುತ್ತಿದ್ದ ಗೆಳೆಯ ಕೂಡ 'ಬಾರಪಾ, ಒಂದ್ ಕ್ವಾರ್ಟರ್' ಅನ್ನೋಕೆ ಹಿಂಜರೀತಾನೆ. ಬಾಗಲಕೋಟೆ ಜಿಲ್ಲೆಗೆ ಹೋದರೆ ಮಹಾಂತ ಜೋಳಿಗೆಯ ಹೆಸರು ಕೇಳದವರಿಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ, ದುಡ್ಡು ದವಸದ ಬದಲು ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದವರು. 2018ರಲ್ಲಿ ಲಿಂಗೈಕ್ಯರಾದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ.

ಆದರೆ ಆಣೆ ಮಾಡಿದವನಿಗೂ ಪಗಾರದ ದಿನ ಬರುತ್ತದೆ, ಸಂತೆ ಬರುತ್ತದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಖರೆ. ಈಗ 90 ಎಂಎಲ್ ಪ್ಯಾಕೆಟ್ ಇದೆಯಲ್ಲ, ಅಂಗಿ ಕಿಸೆಯಲ್ಲೇ ಹಿಡಿಯುತ್ತದೆ. ಕಬ್ಬಿನ ಹೊಲದ ಬದುವಿನಲ್ಲಿ ಮೂಲೆ ಕಚ್ಚಿ ಹರಿದು, ಕುಡಿದು, ಅಲ್ಲೇ ಎಸೆದು ಡ್ಯೂಟಿಗೆ ಹೋಗುವವರಿದ್ದಾರೆ. ಚೋರ್ಲಾ ಘಾಟ್ ಇಳಿದರೆ ಗೋವಾ, ಅಲ್ಲಿ ತೆರಿಗೆ ಕಡಿಮೆ, ಬಾಟಲಿ ಅಗ್ಗ. ನಮ್ಮಲ್ಲಿ ಅಂಗಡಿ ಬಂದ್ ಆದ ದಿನ ಬೈಕುಗಳು ಗಡಿಯ ಕೊಗನೊಳ್ಳಿ ದಾಟಿ ಮಹಾರಾಷ್ಟ್ರದ ಕಾಗಲ್ ಕಡೆ ಹೋಗುತ್ತವೆ. ಗಡಿಯಲ್ಲಿದ್ದವನಿಗೆ ಯಾವ ನಿಷೇಧವೂ ಒಂದು ಲೀಟರ್ ಪೆಟ್ರೋಲಿಗಿಂತ ದೊಡ್ಡದಲ್ಲ!

ಅದಕ್ಕೇ ವಾರವಾರ ಕೂಡುವ ಗುಂಪು ಬೇಕು ಅನ್ನೋದು. ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎಎ, 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಸೇರಿ ಶುರು ಮಾಡಿದ್ದು. ಫೀ ಇಲ್ಲ, ಹಾಜರಿ ಪುಸ್ತಕ ಇಲ್ಲ, ಕುಡಿತ ಬಿಡುವ ಮನಸ್ಸಿದ್ದರೆ ಸಾಕು. ಸಭೆಗೆ ಸ್ವಂತ ಕಟ್ಟಡ ಇರೋದು ಅಪರೂಪ. ಶಾಲೆಯ ಕೋಣೆಯೋ ಚರ್ಚಿನ ಹಾಲೋ ಇರುತ್ತದೆ. ಚರ್ಚ್ ಅಂತ ಮನೆಯವರು ಗಾಬರಿಯಾಗಬೇಡಿ, ಅದು ಜಾಗ ಅಷ್ಟೇ. ಒಬ್ಬ ತನ್ನ ಹೆಸರಷ್ಟೇ ಹೇಳಿ, ಮನೆತನದ ಅಡ್ಡಹೆಸರು ಬಿಟ್ಟು, 'ನಾನೊಬ್ಬ ಕುಡುಕ' ಅಂತಾನೆ. ಉಳಿದವರು ಆ ಹೆಸರು ಹಿಡಿದು ನಮಸ್ಕಾರ ಹೇಳ್ತಾರೆ. ತನ್ನ ಕತೆ ಹೇಳ್ತಾನೆ, ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಚಹಾ ಬರುತ್ತದೆ. ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ, ಅದರಲ್ಲಿ ಸದಸ್ಯರು ಹಾಕಿದ ದುಡ್ಡಿನಲ್ಲೇ ಬಾಡಿಗೆ, ಚಹಾ ಎಲ್ಲ ನಡೆಯಬೇಕು.

ಎಎ ಭಾರತದ ಜಾಲತಾಣದಲ್ಲಿ ಊರಿನ ಹೆಸರು ಹಾಕಿ ನೋಡಿ, ಆಮೇಲೆ ಫೋನ್ ಮಾಡಿ ದಿನ, ವೇಳೆ ಖಾತ್ರಿ ಮಾಡಿಕೊಳ್ಳಿ. ಯಾವ ಭಾಷೆ ಅಂತಲೂ ಕೇಳಿ. ಬೆಳಗಾವಿ ಸೀಮೆಯಲ್ಲಿ ಒಬ್ಬ ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವುದು ಸಹಜ. ನಮಗೇನೂ ಅನಿಸುವುದಿಲ್ಲ, ಆದರೆ ಮೈಸೂರಿನಿಂದ ಬಂದವನು ಅರ್ಥವಾಗದ ಸಭೆಗೆ ಎರಡನೇ ವಾರ ಹೋಗುವುದಿಲ್ಲ. ಆಗ ಆನ್‌ಲೈನ್ ಸಭೆಯಾದರೂ ಹಿಡಿಯಿರಿ. ಇನ್ನೊಂದು, ಕಾರ್ಖಾನೆ ಇರುವ ಊರಲ್ಲಿ ಮುಚ್ಚುಮರೆ ಅನ್ನೋದು ಸುಳ್ಳು. ಸಭೆಗೆ ಹೋದದ್ದು ಸಂಜೆಯೊಳಗೆ ಕ್ಯಾಂಟೀನಿಗೆ ಗೊತ್ತಾಗುತ್ತದೆ. ಅವನಿಗೆ ನಾಚಿಕೆಯಾದರೆ ಬೆಳಗಾವಿಗೋ, ಮರಾಠಿ ಬರುವುದಾದರೆ ಕೊಲ್ಹಾಪುರಕ್ಕೋ ಹೋಗಲಿ. ಅದರಲ್ಲಿ ತಪ್ಪೇನಿಲ್ಲ.

ಹಳ್ಳಿಗಳಲ್ಲಿ ಇನ್ನೊಂದು ದಾರಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ. ಎಂಟು ದಿನ ಅಲ್ಲೇ ಇರಬೇಕು. ನನಗೆ ಶಿಬಿರಕ್ಕಿಂತ ಅದರ ನಂತರದ ನವಜೀವನ ಸಮಿತಿಯೇ ಮುಖ್ಯ ಅನಿಸುತ್ತದೆ, ಬಿಟ್ಟವರು ಮತ್ತೆ ಮತ್ತೆ ಸೇರುವುದು ಅಲ್ಲಿ. ಮುಂದಿನ ಶಿಬಿರ ಎಲ್ಲಿ ಅಂತ ಆ ಊರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು, ಇಲ್ಲವೇ ಯೋಜನೆಯ ಸೇವಾಪ್ರತಿನಿಧಿಯನ್ನು ಕೇಳಿ.

ಇದೆಲ್ಲಕ್ಕಿಂತ ಮೊದಲು ಡಾಕ್ಟರು. ದಿನಾ ಬೆಳಿಗ್ಗೆ ಕೈ ನಡುಗಿ, ಕುಡಿದ ಮೇಲಷ್ಟೇ ಆ ನಡುಕ ನಿಲ್ಲುವಷ್ಟು ಕುಡಿಯುವವನಾದರೆ ಒಮ್ಮೆಲೇ ನಿಲ್ಲಿಸಬಾರದು. ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಂಡು ಕೂಗಾಡಬಹುದು, ಜೀವಕ್ಕೂ ಅಪಾಯ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿದ್ದಾರೆ, ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಯಾರನ್ನು ಕೇಳೋದು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ. ಗೋಡೆ ಮೇಲೆ 'ಗೊತ್ತಾಗದಂತೆ ಊಟದಲ್ಲಿ ಬೆರೆಸಿ' ಅಂತ ಜಾಹೀರಾತು ಇರುತ್ತಲ್ಲ, ಆ ಪುಡಿಯ ಹತ್ತಿರ ಹೋಗಬೇಡಿ. ಅದರಲ್ಲಿ ಏನಿದೆ ಅಂತ ಮಾರುವವನೇ ಹೇಳುವುದಿಲ್ಲ. ಕುಡಿತ ಬಿಡಿಸುವ ಕೆಲವು ಮಾತ್ರೆಗಳ ಮೇಲೆ ಕುಡಿದರೆ ಬಿಪಿ ಇಳಿದು ಮನುಷ್ಯ ಕುಸಿಯುತ್ತಾನೆ.

ನೀವೂ ಒಮ್ಮೆ ಜೊತೆಗೆ ಬರುವುದಾದರೆ, ಫೋನ್ ಮಾಡಿದಾಗಲೇ ಎಎಯ ಓಪನ್ ಮೀಟಿಂಗ್, ಅಂದರೆ ಯಾರು ಬೇಕಾದರೂ ಕೂಡಬಹುದಾದ ಸಭೆ, ಯಾವತ್ತು ಅಂತ ಕೇಳಿಟ್ಟುಕೊಳ್ಳಿ. ಕ್ಲೋಸ್ಡ್ ಸಭೆಗೆ ಮನೆಯವರನ್ನು ಬಿಡುವುದಿಲ್ಲ. ಮನೆಯವರಿಗೆ ಅಂತಲೇ ಅಲ್-ಅನಾನ್ ಬೇರೆ ಇದೆ. ಅದಕ್ಕೆ ಚಿಕ್ಕೋಡಿಯವರೆಗೆ ಬರಬೇಕಿಲ್ಲ, ಮೈಸೂರಿನಲ್ಲೇ ವಿಚಾರಿಸಿ.