ಫ್ರೀ ಇದೆಯಲ್ಲಾ, ಮತ್ತೇನು ಕಷ್ಟ? ಕೊಟ್ಟಿಗೆಹಾರದಿಂದ ಒಂದು ಉತ್ತರ

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ತಲೆಯಲ್ಲೇ ಇದೆ. "ಚಿಕಿತ್ಸೆ ಫ್ರೀ, ಬಸ್ಸು ಫ್ರೀ. ಆದರೂ ನಿಮ್ಮ ಕಡೆಯವರು ಕ್ಯಾನ್ಸರ್ ಬಂದ ಮಕ್ಕಳನ್ನ ಅರ್ಧಕ್ಕೇ ಕರ್ಕೊಂಡು ಹೋಗ್ತಾರಂತಲ್ಲ, ಯಾಕೆ? ನೀನಾದರೂ ಬೆಂಗಳೂರಿಗೆ ಬಂದುಬಿಡಬಾರದಾ?" ಅಂದೆ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ ಅಂತ ಗೊತ್ತು. ಅದಕ್ಕೇ ಜಗಳ ಆಡದೆ ಕೂತು ಬರೀತಿದ್ದೀನಿ.

ನೀನು ನಮ್ಮೂರಿಗೆ ಎರಡು ಸಲ ಬಂದಿದ್ದೀಯ. ಮಂಜು ನೋಡಿದೆ, ನೀರು ದೋಸೆ ತಿಂದೆ, ಚಾರ್ಮಾಡಿಯ ತಿರುವಿನಲ್ಲಿ ಫೋಟೋ ತೆಗೆಸಿಕೊಂಡೆ. ಆ ತಿರುವುಗಳೇ ನಮ್ಮ ಗಡಿ ಕಣೇ. ಜಿಲ್ಲೆ ಚಿಕ್ಕಮಗಳೂರು, ಘಾಟಿ ಇಳಿದರೆ ದಕ್ಷಿಣ ಕನ್ನಡ. ಮೀನು ಬರೋದು ಕೆಳಗಿನಿಂದ, ಅರ್ಧ ನೆಂಟರಿಷ್ಟರು ಕೆಳಗೆ, ಕಚೇರಿ ಕೆಲಸಕ್ಕೆ ಮಾತ್ರ ಮೂಡಿಗೆರೆ, ಚಿಕ್ಕಮಗಳೂರು. ದೊಡ್ಡ ಕಾಯಿಲೆ ಅಂದರೆ ಎರಡೇ ದಾರಿ. ಘಾಟಿ ಇಳಿದು ಮಂಗಳೂರು, ಇಲ್ಲಾ ಬೇಲೂರು, ಹಾಸನ ಹಾದು ಬೆಂಗಳೂರು.

ನನ್ನ ಮಗಳು ಪುಟ್ಟಿಗೆ ಕಾಯಿಲೆ ಶುರುವಾಗಿದ್ದು ರೋಬಸ್ಟಾ ಕೊಯ್ಲಿನ ಹೊತ್ತಿಗೆ. ಆಗ ಅವಳಿಗೆ ಆರು ವರ್ಷ. ಸಂಜೆ ಸಂಜೆ ಸಣ್ಣ ಜ್ವರ, ಕಾಲು ನೋವು ಅಂತ ರಾತ್ರಿ ಅಳು. ಶಾಲೆಯಲ್ಲಿ ಕುಣಿದಿದ್ದಕ್ಕೆ ಕಾಲು ನೋವು ಅಂದುಕೊಂಡೆವು. ಮುಖ ಬಿಳಚಿಕೊಂಡಿದ್ದಕ್ಕೆ ಕಬ್ಬಿಣದ ಟಾನಿಕ್ ಬರೆದುಕೊಟ್ಟರು. ಆ ತಿಂಗಳುಗಳಲ್ಲಿ ಮಲೆನಾಡಿನಲ್ಲಿ ಜ್ವರ ಅಂದರೆ ಮೊದಲು ಹೆದರೋದು ಮಂಗನ ಕಾಯಿಲೆಗೆ. ಕೊಪ್ಪ, ಎನ್.ಆರ್.ಪುರ ಕಡೆ ಅದು ಕಾಣಿಸಿಕೊಳ್ಳುತ್ತೆ, ಹಾಗಾಗಿ ಅದರ ಪರೀಕ್ಷೆ ಆಯ್ತು. ಡೆಂಗಿ ಪರೀಕ್ಷೆ ಆಯ್ತು. ಎರಡೂ ಇಲ್ಲ ಅಂದಾಗ ನಾವು ಸಮಾಧಾನಪಟ್ಟೆವು. ಮೈಮೇಲೆ ಏಟು ಬೀಳದೇ ನೀಲಿ ಕಲೆ ಎದ್ದ ಮೇಲೇ ಯಾರೋ ಒಬ್ಬರು ರಕ್ತವನ್ನ ಸರಿಯಾಗಿ ನೋಡಿದ್ದು. ಎ.ಎಲ್.ಎಲ್. ಅಂದರು. ರಕ್ತದ ಕ್ಯಾನ್ಸರ್. ಮಕ್ಕಳಿಗೆ ಬರೋ ಕ್ಯಾನ್ಸರಿನಲ್ಲಿ ಇದೇ ಜಾಸ್ತಿ.

ಆಮೇಲಿನದ್ದು ನಿನಗೆ ಗೊತ್ತಿರೋದೇ. ಬೆಂಗಳೂರಿಗೆ ರೆಫರಲ್ ಚೀಟಿ, ಬಿಪಿಎಲ್ ಕಾರ್ಡು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಫ್ರೀ. ಆ ಯೋಜನೆ ಇಲ್ಲದಿದ್ದರೆ ನಾವು ಚಿಕಿತ್ಸೆ ಶುರುವೇ ಮಾಡುತ್ತಿರಲಿಲ್ಲ, ಇದನ್ನ ನಾನು ಯಾರ ಮುಂದೆ ಬೇಕಾದರೂ ಹೇಳ್ತೀನಿ. ಬಸ್ಸೂ ಫ್ರೀ ಹೌದು. 2023ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನನಗೂ ಪುಟ್ಟಿಗೂ ದುಡ್ಡಿಲ್ಲ. ಆದರೆ ಕೀಮೋ ಆದ ಮಾರನೇ ದಿನ ವಾಂತಿ ಮಾಡುತ್ತಿರೋ ಮಗುವನ್ನ, ರಕ್ತಕಣಗಳ ಕೌಂಟ್ ಬಿದ್ದಿರುವಾಗ, ತುಂಬಿದ ಬಸ್ಸಿನಲ್ಲಿ ಹೇಗೆ ಕೂರಿಸಲಿ? ಪಕ್ಕದಲ್ಲಿ ಒಬ್ಬರು ಕೆಮ್ಮಿದರೆ ಸಾಕು, ನನ್ನ ಎದೆ ಹೊಡ್ಕೊಳ್ಳುತ್ತೆ. ಅದಕ್ಕೇ ಬಾಡಿಗೆ ಕಾರು. ನಮ್ಮ ಮನೆಯವರು ತೋಟದಲ್ಲಿ ಲೆಕ್ಕ ಬರೆಯೋ ರೈಟರ್. ಅವರ ಒಂದು ತಿಂಗಳ ಸಂಬಳದಲ್ಲಿ ಎಷ್ಟು ಸಲ ಬೆಂಗಳೂರಿಗೆ ಕಾರು ಮಾಡಬಹುದು ಅಂತ ನೀನೇ ಲೆಕ್ಕ ಹಾಕು. ತೋಟದ ಲೈನ್ ಮನೆಗಳಲ್ಲಿರೋ ಕೂಲಿಯವರಿಗೆ ಇನ್ನೂ ಕಷ್ಟ. ಅಲ್ಲಿ ಒಂದು ದಿನ ಕೆಲಸಕ್ಕೆ ಹೋಗಲಿಲ್ಲ ಅಂದರೆ ಆ ದಿನದ ಕೂಲಿ ಇಲ್ಲ. ಚಿಕಿತ್ಸೆ ಎರಡೂವರೆ ವರ್ಷ.

ಆದರೆ ಇದನ್ನೆಲ್ಲ ಹೇಗೋ ಮಾಡ್ತೀವಿ. ಮೊದಲ ತಿಂಗಳು ಪುಟ್ಟಿಗೆ ರಕ್ತ ಬೇಕು ಅಂದಾಗ ನಮ್ಮೂರ ಹುಡುಗರು ಒಂದು ಜೀಪಿನ ತುಂಬ ಬಂದರು. ಇಡೀ ರಾತ್ರಿ ಪ್ರಯಾಣ ಮಾಡಿ, ಬೆಳಗ್ಗೆ ರಕ್ತ ಕೊಟ್ಟು, ಸಂಜೆ ವಾಪಸ್ ಹೋಗಿ ಮಾರನೇ ದಿನ ಕೊಯ್ಲಿಗೆ ಇಳಿದರು. ತೋಟದ ಸಾಹುಕಾರರು ಸಂಬಳ ಹಿಡಿಯಲಿಲ್ಲ. ಕಷ್ಟದಲ್ಲಿ ಕೈಬಿಡೋ ಜನ ಅಲ್ಲ ನಾವು.

ನಮಗೆ ನಿಜವಾಗಿ ಬಿಡಿಸೋಕಾಗದ ಗಂಟು ಒಂದೇ. ಜ್ವರ.

ನಿನ್ನ ಮಗನಿಗೆ ಜ್ವರ ಬಂದರೆ ನೀನು ಪ್ಯಾರಾಸಿಟಮಾಲ್ ಕೊಟ್ಟು ಬೆಳಗ್ಗೆ ನೋಡೋಣ ಅಂತೀಯ. ಸರಿನೇ. ಪುಟ್ಟಿಗೆ ಹಾಗಾಗಲ್ಲ. ಕೀಮೋ ಕ್ಯಾನ್ಸರನ್ನ ಕೊಲ್ಲುವಾಗ ಕಾಯಿಲೆ ವಿರುದ್ಧ ಹೋರಾಡೋ ಬಿಳಿ ರಕ್ತಕಣಗಳನ್ನೂ ಕೊಲ್ಲುತ್ತೆ. ಅದರಲ್ಲಿ ನ್ಯೂಟ್ರೋಫಿಲ್ ಅಂತ ಒಂದು. ಅದು 500ಕ್ಕಿಂತ ಕೆಳಗೆ ಇಳಿದಾಗ ಬಂದ ಜ್ವರ 100.4 ದಾಟಿದರೆ, ಒಂದು ಗಂಟೆ ಒಳಗೆ ನರಕ್ಕೆ ಆಂಟಿಬಯೋಟಿಕ್ ಹೋಗಬೇಕು. ಒಂದು ಗಂಟೆ. ತಡವಾದರೆ ಸೋಂಕು ರಕ್ತಕ್ಕೆಲ್ಲ ಹರಡಿ ಮಗು ಬೆಳಗಾಗೋದರೊಳಗೆ ಹೋಗಿಬಿಡಬಹುದು. ನಮ್ಮಂಥ ದೇಶಗಳಲ್ಲಿ ಚಿಕಿತ್ಸೆ ನಡೆಯುವಾಗಲೇ ತೀರಿಕೊಳ್ಳೋ ಮಕ್ಕಳಲ್ಲಿ ಬಹಳಷ್ಟು ಮಕ್ಕಳನ್ನ ಕರ್ಕೊಂಡು ಹೋಗೋದು ಸೋಂಕು. ಕ್ಯಾನ್ಸರ್ ಕರಗುತ್ತಾ ಇರುತ್ತೆ, ಮಗು ಉಳಿಯಲ್ಲ.

ಈಗ ಹೇಳು, ಕೊಟ್ಟಿಗೆಹಾರದಿಂದ ಒಂದು ಗಂಟೆಯಲ್ಲಿ ಎಲ್ಲಿಗೆ ಹೋಗಲಿ?

ಮೊದಲನೇ ವರ್ಷದ ಜುಲೈ. ಮೂರು ದಿನದಿಂದ ಬಿಡದ ಮಳೆ, ಕರೆಂಟ್ ಇಲ್ಲ. ರಾತ್ರಿ ಒಂಬತ್ತೂವರೆಗೆ ಪುಟ್ಟಿ "ಅಮ್ಮಾ, ಚಳಿ" ಅಂದಳು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಮೊಬೈಲ್ ಬೆಳಕಿನಲ್ಲಿ ಥರ್ಮಾಮೀಟರ್ ನೋಡಿದೆ. 101.2. ಅತ್ತೆ ಅಭ್ಯಾಸಬಲದಿಂದ ಜ್ವರದ ಸಿರಪ್ ತಂದರು. ಬೇಡ ಅತ್ತೆ ಅಂತ ಕೈ ಹಿಡಿದೆ. ಸುಮ್ನೆ ಜ್ವರ ಇಳಿಸಿಬಿಟ್ಟರೆ ಒಳಗೆ ಏನು ನಡೀತಿದೆ ಅಂತ ಗೊತ್ತಾಗಲ್ಲ. ಅವರಿಗೆ ಬೇಜಾರಾಯ್ತು. ಮೊಮ್ಮಗಳು ನಡುಗುತ್ತಿರುವಾಗ ಔಷಧಿ ಕೊಡಬೇಡಿ ಅಂದರೆ ಯಾರಿಗೆ ಆಗಲ್ಲ?

ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಬಂದ್ ಆಗಿತ್ತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಹೇಗೆ ಕುಸಿಯಿತು ಅಂತ ನೀನು ಟಿವಿಯಲ್ಲಿ ನೋಡಿದ್ದೀಯಲ್ಲ. ಆಮೇಲೆ ಪ್ರತಿ ಮಳೆಗಾಲವೂ ನಾವು ಆ ರಸ್ತೆಯನ್ನ ನಂಬೋದು ಬಿಟ್ಟಿದ್ದೀವಿ. ಹಾಗಾಗಿ ತೋಟದ ಜೀಪಿನಲ್ಲಿ ಮೇಲಕ್ಕೇ ಹೊರಟೆವು. ದಾರಿಯಲ್ಲಿ ಸಿಕ್ಕ ಮೊದಲನೇ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಫೈಲು ತೆರೆದರು. ಕ್ಯಾನ್ಸರ್ ಅನ್ನೋ ಪದ ಕಂಡ ತಕ್ಷಣ ಮುಚ್ಚಿದರು. "ಇಂಥ ಕೇಸು ನಾವು ಮುಟ್ಟಲ್ಲಮ್ಮ, ಬೆಂಗಳೂರಿಗೇ ಹೋಗಿ." ಬೆಂಗಳೂರಿನ ಡಾಕ್ಟರು ಯಾವ ಔಷಧಿ, ಎಷ್ಟು ಅಂತ ಬರೆದುಕೊಟ್ಟ ಹಾಳೆ ನನ್ನ ಕೈಯಲ್ಲೇ ಇತ್ತು. ಒಂದೇ ಒಂದು ಡೋಸ್ ಹಾಕಿ ಕಳಿಸಿ ಸಾರ್ ಅಂದೆ. ಆಗಲಿಲ್ಲ. ಇನ್ನೊಂದು ಕಡೆ ಕಂಪೌಂಡರ್ ಒಬ್ಬರು ಪಾಪ, ಸಹಾಯ ಮಾಡೋಣ ಅಂತ ಸೊಂಟಕ್ಕೆ ಇಂಜೆಕ್ಷನ್ ಹಾಕೋಕೆ ಬಂದರು. ಪ್ಲೇಟ್‌ಲೆಟ್ ಕಡಿಮೆ ಇರೋ ಮಗುವಿಗೆ ಮಾಂಸಕ್ಕೆ ಸೂಜಿ ಚುಚ್ಚಿದರೆ ಒಳಗೇ ರಕ್ತ ಸೋರುತ್ತೆ. ನಾನು ಅಡ್ಡ ನಿಂತೆ. ಕಡೆಗೆ ಔಷಧಿ ನರಕ್ಕೆ ಹೋದಾಗ ರಾತ್ರಿ ಎರಡು ಗಂಟೆ. ನಾಲ್ಕೂವರೆ ಗಂಟೆ ಆಗಿತ್ತು ಕಣೇ. ಅವಳು ಉಳಿದಳು. ಅದೇ ಮಳೆಗಾಲದಲ್ಲಿ ನಮ್ಮ ಹಾಗೇ ಓಡಾಡುತ್ತಿದ್ದ ಇನ್ನೊಂದು ಮನೆಯ ಹುಡುಗ ಉಳಿಯಲಿಲ್ಲ. ಅವನ ಅಪ್ಪ ಈಗಲೂ ಸಂತೆಯಲ್ಲಿ ಸಿಕ್ಕರೆ ಪುಟ್ಟಿಯ ಕೌಂಟ್ ಎಷ್ಟು ಅಂತ ಕೇಳ್ತಾರೆ.

ಅರ್ಧಕ್ಕೆ ಬಿಡೋದು ಯಾಕೆ ಅಂದೆಯಲ್ಲ. ಸತತ ನಾಲ್ಕು ವಾರ ಚಿಕಿತ್ಸೆಗೆ ಬರದಿದ್ದರೆ ಡಾಕ್ಟರುಗಳ ಲೆಕ್ಕದಲ್ಲಿ ಅದು ಚಿಕಿತ್ಸೆ ಬಿಟ್ಟ ಹಾಗೆ. ಆ ನಾಲ್ಕು ವಾರದಲ್ಲಿ ಒಂದು ಮನೆಯಲ್ಲಿ ಏನೇನು ಆಗಿರುತ್ತೆ ಅಂತ ಲೆಕ್ಕದಲ್ಲಿ ಬರಲ್ಲ. ಇಂಥ ಒಂದು ರಾತ್ರಿ ನೋಡಿದ ಅಜ್ಜಿ "ಔಷಧಿಯಿಂದಲೇ ಮಗುವಿಗೆ ಹೀಗಾಗಿದ್ದು, ಸಾಕು ಬಿಡಿ" ಅಂತಾರೆ. ಮೊದಲ ತಿಂಗಳ ಕೀಮೋ ಮುಗಿದಾಗ ಮಗು ಆಡೋಕೆ ಶುರು ಮಾಡುತ್ತೆ, ರಕ್ತದಲ್ಲಿ ಕ್ಯಾನ್ಸರ್ ಕಾಣಲ್ಲ, ವಾಸಿ ಆಯ್ತಲ್ಲ ಅನ್ನಿಸುತ್ತೆ. ಹೆಣ್ಣು ಮಗುವಾದರೆ "ಇಷ್ಟೆಲ್ಲ ಯಾಕೆ" ಅನ್ನೋ ಬಾಯಿಯೂ ಇರುತ್ತೆ. ನನಗೂ ಹೇಳಿದ್ದಾರೆ. ಅವರನ್ನ ಮತ್ತೆ ಮನೆ ಒಳಗೆ ಕರೆದಿಲ್ಲ ನಾನು.

ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ 100ಕ್ಕೆ 80ಕ್ಕಿಂತ ಜಾಸ್ತಿ ಮಕ್ಕಳು ವಾಸಿಯಾಗುತ್ತಾರೆ. ಬಡ, ಮಧ್ಯಮ ಆದಾಯದ ಎಷ್ಟೋ ದೇಶಗಳಲ್ಲಿ 30 ಕೂಡ ದಾಟಲ್ಲ. 2030ರ ಹೊತ್ತಿಗೆ ಎಲ್ಲಾ ಕಡೆ ಕನಿಷ್ಠ 60 ಆಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಇಟ್ಟಿತು. ಔಷಧಿ ಹೊಸದಲ್ಲ. ಪುಟ್ಟಿ ವಾರಕ್ಕೊಂದು ದಿನ ನುಂಗೋ ಮೆಥೊಟ್ರೆಕ್ಸೇಟ್ ಇದೆಯಲ್ಲ, ಆ ಜಾತಿಯ ಔಷಧಿಗಳನ್ನ ಅಮೆರಿಕದಲ್ಲಿ ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1947ರಲ್ಲೇ ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಅನ್ನೋ ಡಾಕ್ಟರು ಆ ಜಾತಿಯದೇ ಇನ್ನೊಂದು ಔಷಧಿಯನ್ನ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು ನೋಡಿದರು. ನಮ್ಮ ಪಕ್ಕದ ರಾಜ್ಯದ ಮನುಷ್ಯನ ಔಷಧಿ ನಮ್ಮೂರಿಗೆ ಬಂದು ತಲುಪಿದೆ. ಜ್ವರದ ರಾತ್ರಿಯ ಮೊದಲ ಡೋಸ್ ಇನ್ನೂ ಎಲ್ಲರಿಗೂ ತಲುಪಿಲ್ಲ. 80ಕ್ಕೂ 30ಕ್ಕೂ ನಡುವೆ ಇರೋ ಅಂತರದಲ್ಲಿ ನಮ್ಮ ಆ ನಾಲ್ಕೂವರೆ ಗಂಟೆಯೂ ಸೇರಿದೆ ಅಂತ ನನಗೆ ಅನ್ನಿಸುತ್ತೆ.

ಆ ರಾತ್ರಿ ಆದಮೇಲೆ ನಾನು ಸುಮ್ಮನೆ ಕೂರಲಿಲ್ಲ. ಬೆಂಗಳೂರಿನ ಡಾಕ್ಟರ ಹಾಳೆಯನ್ನ ಲ್ಯಾಮಿನೇಷನ್ ಮಾಡಿಸಿದೆ. ಅದು ಹಿಡಿದುಕೊಂಡು ಹಗಲು ಹೊತ್ತಿನಲ್ಲಿ, ಮಗುವಿಗೆ ಏನೂ ಇಲ್ಲದಾಗ, ಹತ್ತಿರದ ಮೂರು ಆಸ್ಪತ್ರೆ ಸುತ್ತಿದೆ. ರಾತ್ರಿ ಓಡಿ ಬಂದವರ ಹತ್ತಿರ ಯಾರೂ ಕೇಳಿಸಿಕೊಳ್ಳಲ್ಲ, ಹಗಲು ಕೇಳಿಸಿಕೊಳ್ತಾರೆ. ಒಬ್ಬರು ಡಾಕ್ಟರು ಪೂರ್ತಿ ಓದಿ, ನನ್ನ ಮುಂದೇನೇ ಬೆಂಗಳೂರಿಗೆ ಫೋನ್ ಮಾಡಿ ಮಾತಾಡಿದರು. "ಮೊದಲನೇ ಡೋಸ್ ನಾನು ಹಾಕ್ತೀನಿ, ಆಮೇಲೆ ನೀವು ಹೊರಡಿ" ಅಂದರು. ಅಷ್ಟೇ ಬೇಕಾಗಿದ್ದು. ಅವರ ನರ್ಸಮ್ಮ ಆ ಔಷಧಿಯ ಎರಡು ಬಾಟಲಿ ತೆಗೆದು ಬೇರೆ ಇಟ್ಟು, ಮೇಲೆ ಪೆನ್ನಿನಲ್ಲಿ ಪುಟ್ಟಿಯ ಹೆಸರು ಬರೆದರು. ಆಮೇಲೆ ಎರಡು ಸಲ ಜ್ವರ ಬಂದಿದೆ. ಎರಡು ಸಲವೂ ಐವತ್ತು ನಿಮಿಷದ ಒಳಗೆ ಔಷಧಿ ಹೋಗಿದೆ. ಒಂದು ಸಲ ಮುಂದಕ್ಕೆ ಹೋಗಬೇಕಾಗಿ ಬಂತು, ಇನ್ನೊಂದು ಸಲ ಅಲ್ಲೇ ವಾಸಿಯಾಯ್ತು.

ಆದರೆ ಆ ಡಾಕ್ಟರಿಗೆ ವರ್ಗ ಆದರೆ? ಮತ್ತೆ ಹಾಳೆ ಹಿಡಿದು ಹೊಸಬರ ಮುಂದೆ ನಿಲ್ಲಬೇಕು. ನಾನು ಕಾಲೇಜು ಓದಿದವಳು, ನಿಲ್ತೀನಿ. ಲೈನಿನಲ್ಲಿರೋ ತಾಯಿ ಹೇಗೆ ನಿಲ್ತಾಳೆ? ಇದು ತಾಯಂದಿರ ಬಾಯಿ ಜೋರಿನ ಮೇಲೆ ನಡೆಯೋ ಕೆಲಸ ಆಗಬಾರದು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಆ ಔಷಧಿ ಇರಬೇಕು, ರಾತ್ರಿ ಡ್ಯೂಟಿಯವರಿಗೆ ಅದನ್ನ ಹಾಕೋ ಧೈರ್ಯ ಇರಬೇಕು. ದೊಡ್ಡ ಕಟ್ಟಡ ಕೇಳ್ತಿಲ್ಲ ನಾವು.

ಬೆಂಗಳೂರಿಗೆ ಬಂದುಬಿಡು ಅಂದೆ. ಮೊದಲ ನಾಲ್ಕು ತಿಂಗಳು ಬಹಳಷ್ಟು ದಿನ ಅಲ್ಲೇ ಇದ್ದೆವು, ಧರ್ಮಶಾಲೆಯಲ್ಲಿ, ಒಂದು ಕೋಣೆಯಲ್ಲಿ ಮೂರು ಸಂಸಾರ. ಕಲಬುರಗಿಯ ತಾಯಿ, ಗಡಿ ಆಚೆಯ ಅನಂತಪುರದ ತಾಯಿ, ನಾನು. ಬೆನ್ನಿಗೆ ಚುಚ್ಚಿಸಿಕೊಂಡು ಬಂದ ದಿನ ಪುಟ್ಟಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಯಾರ ಹತ್ತಿರವೂ ಮಾತಿಲ್ಲ. ಇಲ್ಲಿಗೆ ಬಂದ ದಿನ ಜೀಪಿಂದ ಇಳಿದವಳೇ, ಬೋಳು ತಲೆಗೆ ಟೋಪಿ ಹಾಕ್ಕೊಂಡು, ಹಟ್ಟಿಗೆ ಹೋಗಿ ಕರುವಿಗೆ ಅರ್ಧ ಗಂಟೆ ಬೆಂಗಳೂರಿನ ಕಥೆ ಹೇಳಿದಳು. ಇಲ್ಲಿ ಅವಳಪ್ಪನ ಕೆಲಸ ಇದೆ, ಅತ್ತೆ ಇದ್ದಾರೆ, ಚಿಕ್ಕವನ ಶಾಲೆ ಇದೆ. ಅವಳ ಶಾಲೆಯ ಟೀಚರು ಯಾವುದಾದರೂ ಮಗುವಿಗೆ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಆಗಿದೆ ಅಂತ ಗೊತ್ತಾದರೆ ಬೆಳಗ್ಗೆ ಆರಕ್ಕೇ ಫೋನ್ ಮಾಡಿ "ಇವತ್ತು ಕಳಿಸಬೇಡಿ" ಅಂತಾರೆ. ಇದನ್ನೆಲ್ಲ ಬಿಟ್ಟು ಬರೋಕೆ ಆಗಲ್ಲ ಕಣೇ. ನಾವು ಇಲ್ಲಿಯವರು, ಇಲ್ಲಿದ್ದುಕೊಂಡೇ ಅವಳು ವಾಸಿಯಾಗಬೇಕು.

ಈಗ ಮೇಂಟೆನೆನ್ಸ್, ಅಂದರೆ ಚಿಕಿತ್ಸೆಯ ಕೊನೆಯ ಉದ್ದನೆಯ ಹಂತ, ನಡೀತಿದೆ. ದಿನಾ ರಾತ್ರಿ ಒಂದು ಮಾತ್ರೆ, ಆಗಾಗ ಮೂಡಿಗೆರೆಯಲ್ಲಿ ಕೌಂಟ್, ರಿಪೋರ್ಟು ವಾಟ್ಸಾಪಿನಲ್ಲಿ ಬೆಂಗಳೂರಿಗೆ. ಕೂದಲು ಬಂದಿದೆ, ಮೊದಲಿಗಿಂತ ಗುಂಗುರು. ಬುಧವಾರ ಕೌಂಟ್ ಇದೆ. ಚೆನ್ನಾಗಿದ್ದರೆ ತಕ್ಷಣ ಹೇಳ್ತೀನಿ, ಶನಿವಾರ ಮಗನನ್ನ ಕರ್ಕೊಂಡು ಬಾ. ಅವನಿಗೆ ನೆಗಡಿ ಇದ್ದರೆ ಮಾತ್ರ ಮುಂದಿನ ವಾರ ಬನ್ನಿ.