ಪೂರ್ತಿ ಜಮೀನನ್ನು ಒಂದಕ್ಕೇ ಹಾಕಬೇಡಿ

ಜಮೀನು ಏನು ಮಾಡೋಣ ಅನ್ನುವ ನಿಮ್ಮ ಪ್ರಶ್ನೆ ಓದಿದೆ. ಎರಡೂವರೆ ಎಕರೆ, ಒಂದು ಬೋರು, ಅಪ್ಪನಿಗೆ ವಯಸ್ಸಾಗಿದೆ. ಕಂಪನಿಯವರು ಪೂರ್ತಿ ಮಿಡಿಸೌತೆ, ಅಂದರೆ ಉಪ್ಪಿನಕಾಯಿಗೆ ಹೋಗುವ ಸಣ್ಣ ಸೌತೆ ಹಾಕಿ ಅನ್ನುತ್ತಿದ್ದಾರೆ, ನಿಮಗೆ ಸಾವಯವದ ಆಸೆ, ಅಣ್ಣ ಮಾರಿಬಿಡೋಣ ಅನ್ನುತ್ತಾರೆ. ನಾನು ಹೇಳುವುದಾದರೆ ಯಾವುದಕ್ಕೂ ಪೂರ್ತಿ ಜಮೀನು ಕೊಡಬೇಡಿ.

ಮಿಡಿಸೌತೆ ನಾವು ಮೂರು ಸಲ ಬೆಳೆದಿದ್ದೇವೆ. ಬೀಜ, ಗೊಬ್ಬರ, ಔಷಧಿ ಕಂಪನಿಯವರೇ ಕೊಟ್ಟು ಆಮೇಲೆ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ರೇಟು ಮೊದಲೇ ಗೊತ್ತಿರುತ್ತೆ, ಅದು ನಿಜಕ್ಕೂ ಒಳ್ಳೆಯದು. ಆದರೆ ಕಾಯಿ ಸಣ್ಣದಿದ್ದಷ್ಟೂ ರೇಟು ಜಾಸ್ತಿ. ಇವತ್ತು ಕಿರುಬೆರಳಿನಷ್ಟಿದ್ದದ್ದು ಒಂದು ದಿನ ಬಿಟ್ಟರೆ ದಪ್ಪ ಆಗಿ ಕೆಳಗಿನ ಗ್ರೇಡಿಗೆ ಇಳಿಯುತ್ತೆ, ಹಾಗಾಗಿ ಹಬ್ಬ ಇರಲಿ ಮದುವೆ ಇರಲಿ ದಿನಾ ಬಗ್ಗಿ, ಸುಂಕು ಚುಚ್ಚುವ ಎಲೆ ಸರಿಸಿ ಸರಿಸಿ ಕೀಳಲೇಬೇಕು. ಅಮ್ಮ, ನನ್ನ ಹೆಂಡತಿ ಇಬ್ಬರ ಕೂಲಿಯನ್ನೂ ಖರ್ಚಿಗೆ ಸೇರಿಸಿ ನೋಡಿದ ದಿನ ಲಾಭ ಅಂದುಕೊಂಡಿದ್ದರಲ್ಲಿ ಮುಕ್ಕಾಲು ಭಾಗ ಅವರ ಕೂಲಿಯೇ ಆಗಿತ್ತು. ಕೂಲಿ ಕೊಟ್ಟು ಕೀಳಿಸಿದರೆ ಗಿಟ್ಟುವುದಿಲ್ಲ ಅಂತಲೇ ಕಂಪನಿಯವರು ಇದನ್ನು ನಮ್ಮಂಥವರ ಹತ್ತಿರ ಬೆಳೆಸುವುದು, ಅಲ್ವಾ? ಹಾಕಲೇಬೇಕಾದರೆ ಅರ್ಧ ಎಕರೆ ಹಾಕಿ, ಮನೆಯವರ ಕೈಗೆ ಆಗುವಷ್ಟು. ಕಂಪನಿಯವರು ವಾಪಸ್ ಮಾಡಿದ ಮಾಲು ಯಾರ ಲೆಕ್ಕಕ್ಕೆ ಅಂತ ಕರಾರಿನಲ್ಲಿ ಕನ್ನಡದಲ್ಲೇ ಬರೆಸಿಕೊಳ್ಳಿ.

ಸಾವಯವವೂ ಅಷ್ಟೇ, ಒಂದೇ ಸಲಕ್ಕೆ ರಾಸಾಯನಿಕ ಗೊಬ್ಬರ, ಔಷಧಿ ಎಲ್ಲಾ ಬಿಟ್ಟರೆ ಮೊದಲ ವರ್ಷಗಳಲ್ಲಿ ಇಳುವರಿ ಬೀಳುತ್ತೆ, ಜಾಸ್ತಿ ರೇಟು ಕೊಡುವ ಗಿರಾಕಿ ಅಷ್ಟು ಬೇಗ ಸಿಗುವುದಿಲ್ಲ. ಮನೆಗೆ ಬೇಕಾದ ಒಂದೆಕರೆ ರಾಗಿಯಿಂದ ಶುರು ಮಾಡಿ, ರಾಗಿ ನಡುವೆ ಬಿಡುವ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು. ಸರ್ಟಿಫಿಕೇಟಿಗೆ ಅಂತ ಸುಮ್ನೆ ದುಡ್ಡು ಸುರಿಯಬೇಡಿ. ಪಿಜಿಎಸ್ ಅಂತ ರೈತರೇ ಪರಸ್ಪರ ಖಾತ್ರಿ ಕೊಡುವ ಪದ್ಧತಿ ಇದೆ, ಅದರಲ್ಲಿ ಐದು ಜನ ರೈತರು ಗುಂಪಾದರೆ ಒಬ್ಬರ ಹೊಲ ಇನ್ನೊಬ್ಬರು ನೋಡಿ ಖಚಿತಪಡಿಸಬಹುದು. ಉಳಿದ ರಾಗಿ ಸರ್ಕಾರದ ಖರೀದಿ ಕೇಂದ್ರಕ್ಕೆ ಹಾಕಬೇಕೆಂದರೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಈಗಲೇ ಮಾಡಿಸಿ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ ಇತ್ತು.

ಹಸು ಎರಡು ಇರಲಿ. ನಮ್ಮ ಮನೆ ನಡೆದದ್ದು ಡೇರಿ ಬಟವಾಡೆಯಲ್ಲೇ, ಬೆಳೆ ಕೈಕೊಟ್ಟ ವರ್ಷವೂ.

ಮಾರುವ ಮಾತು ಮಾತ್ರ ಈಗ ಬೇಡ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ರೈತರಲ್ಲದವರೂ ಜಮೀನು ಕೊಳ್ಳಬಹುದು. ನಮ್ಮ ಪಕ್ಕದ ಹೊಲ ಹಾಗೇ ಹೋಯಿತು. ಈಗ ಅಲ್ಲಿ ತಂತಿಬೇಲಿ, ಗೇಟು, ನಾವು ದನ ಹೊಡೆದುಕೊಂಡು ಹೋಗುತ್ತಿದ್ದ ದಾರಿಯೂ ಇಲ್ಲ. ಮಾರಿದವರು ಅದೇ ಹೊಲಕ್ಕೆ ಕೂಲಿಗೆ ಬರುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತೆ.

ಬೋರಿನಲ್ಲಿ ಬೇಸಿಗೆಗೆ ಎಷ್ಟು ಇಂಚು ನೀರು ನಿಲ್ಲುತ್ತೆ ಅಂತ ಹೇಳಿಲ್ಲ ನೀವು. ಅದನ್ನು ಬರೆಯಿರಿ, ಮೇವಿಗೆ ಎಷ್ಟು ಗುಂಟೆ ಬಿಡಬೇಕು ಅಂತ ಲೆಕ್ಕ ಹಾಕೋಣ.