ಬೈಬಲ್ ಶಾಲೆಯಲ್ಲಿ ನನಗೆ ಮಕ್ಕಳ ತಿಂಡಿಯ ಹೊಣೆ ಮಾತ್ರ ಸಿಕ್ಕಿದೆ. ಇದರಿಂದ ಮಕ್ಕಳೊಂದಿಗೆ ಒಡನಾಟ ಬೆಳೆಯುವುದೇ?

ಕೆಲಸದ ನಿಮಿತ್ತ ಬೆಳಗಾವಿಗೆ ಹೊಸದಾಗಿ ಬಂದಿರುವ ನೀವು ನಿಮ್ಮ ಕ್ರೈಸ್ತ ಸಭೆಯ ಬೇಸಿಗೆ ರಜೆಯ ಬೈಬಲ್ ಶಾಲೆಗೆ ಹತ್ತು ದಿನ ನೆರವಾಗಲು ಒಪ್ಪಿಕೊಂಡಿದ್ದೀರಿ. ಹಾಡಲು ಬಾರದು, ಪಾಠ ಹೇಳಿ ರೂಢಿಯಿಲ್ಲ ಎಂದಿದ್ದಕ್ಕೆ ಅರವತ್ತು ಮಕ್ಕಳ ತಿಂಡಿಯ ಕೆಲಸವನ್ನು ನಿಮಗೆ ವಹಿಸಿದ್ದಾರೆ. ಖಜಾಂಚಿಯವರು ಬಿಸ್ಕೀಟಿನ ಪೊಟ್ಟಣ ಕೊಟ್ಟರೆ ಸಾಕು ಎನ್ನುತ್ತಾರಂತೆ. ಇದೂ ಒಂದು ಸೇವೆಯೇ, ಇದರಿಂದ ಮಕ್ಕಳ ಪರಿಚಯವಾದರೂ ಆಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ಬಾಗಲಕೋಟೆ ಜಿಲ್ಲೆಯ ನೇಕಾರರ ಊರೊಂದರಲ್ಲಿ ಹನ್ನೊಂದು ಬೇಸಿಗೆ ಇದೇ ಕೆಲಸ ಮಾಡಿದವಳಾಗಿ ಹೇಳುತ್ತೇನೆ: ಪಾಠ ಹೇಳುವವರಿಗಿಂತ ಹೆಚ್ಚು ಮಕ್ಕಳ ಪರಿಚಯ ನಿಮಗೇ ಆಗುತ್ತದೆ, ಆದರೆ ತಿಂಡಿಯನ್ನು ಹಂಚಿ ಕೈ ತೊಳೆದುಕೊಳ್ಳದೆ ಅವರ ಪಂಕ್ತಿಯಲ್ಲೇ ಕುಳಿತು ತಿಂದರೆ ಮಾತ್ರ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಮೊದಲ ವರ್ಷ ನಾವೂ ಬಿಸ್ಕೀಟನ್ನೇ ಕೊಡುತ್ತಿದ್ದೆವು. ಹನ್ನೆರಡೂವರೆಗೆ ಮುಕ್ತಾಯದ ಪ್ರಾರ್ಥನೆಯಾದ ಮೇಲೆ ಮಕ್ಕಳನ್ನು ಗೇಟಿನ ಬಳಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈಗೆ ಐದು ರೂಪಾಯಿಯ ಒಂದೊಂದು ಪೊಟ್ಟಣ ಇಟ್ಟು ಮನೆಗೆ ಕಳುಹಿಸುತ್ತಿದ್ದೆವು. ಆಮೇಲೆ ಸ್ವಯಂಸೇವಕರೆಲ್ಲ ಹಿಂಬದಿಯ ಕೋಣೆಯಲ್ಲಿ ಕುಳಿತು, ಸಭೆಯ ಹಿರಿಯರೊಬ್ಬರ ಮನೆಯಿಂದ ಬಂದ ಕೋಳಿ ಪಲಾವು ಊಟ ಮಾಡುತ್ತಿದ್ದೆವು. ಬೆಳಿಗ್ಗೆ ಏಳರಿಂದ ದುಡಿದವರಿಗೆ ಅಷ್ಟಾದರೂ ಬೇಡವೇ ಎಂಬುದು ಎಲ್ಲರ ಅಭಿಪ್ರಾಯವಾಗಿತ್ತು, ನನ್ನದೂ ಕೂಡ. ನಾಲ್ಕನೆಯ ದಿನ ಎಂಟು ವರ್ಷದ ಹುಡುಗನೊಬ್ಬ ಮರೆತ ಚಪ್ಪಲಿಗಾಗಿ ಅರ್ಧ ದಾರಿಯಿಂದ ತಿರುಗಿ ಬಂದು ಆ ಕೋಣೆಯ ಬಾಗಿಲಲ್ಲಿ ನಿಂತ. ನಮ್ಮ ತಾಟುಗಳನ್ನು ಒಮ್ಮೆ ನೋಡಿ, ದೊಡ್ಡವರ ಧಾಟಿಯಲ್ಲೇ "ಊಟ ಮಾಡ್ರಿ ಅಕ್ಕಾರ, ಊಟ ಮಾಡ್ರಿ" ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದ.

ನಮ್ಮ ಕಡೆ ಉಣ್ಣುವಾಗ ಬಾಗಿಲಿಗೆ ಯಾರೇ ಬರಲಿ, ಶತ್ರುವೇ ಆಗಿರಲಿ, "ಬಾ, ಊಟಕ್ಕ ಕುಂದರು" ಎನ್ನದೆ ಯಾರೂ ತುತ್ತು ಎತ್ತುವುದಿಲ್ಲ. ಅಂದು ಆ ಕೋಣೆಯಲ್ಲಿದ್ದ ಒಂಬತ್ತು ಜನರಲ್ಲಿ ಒಬ್ಬರ ಬಾಯಿಂದಲೂ ಆ ಮಾತು ಬರಲಿಲ್ಲ. ಒಬ್ಬನನ್ನು ಕರೆದರೆ ಉಳಿದ ಐವತ್ತೊಂಬತ್ತು ಮಕ್ಕಳಿಗೆ ಏನು ಹೇಳುವುದು ಎಂಬ ಲೆಕ್ಕ ಎಲ್ಲರ ತಲೆಯಲ್ಲೂ ಓಡಿತ್ತೆಂದು ಕಾಣುತ್ತದೆ. ಬೈಬಲಿನಲ್ಲಿ ಪೌಲನು ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದ ಮೊದಲನೆಯ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ, ಸಭೆ ಕೂಡಿದಾಗ ಕೆಲವರು ಮೊದಲೇ ಉಂಡು ತೃಪ್ತರಾಗುವುದನ್ನೂ ಇಲ್ಲದವರು ಹಸಿದಿರುವುದನ್ನೂ ಕೇಳಿ ತಿಳಿದು ಗದರಿಸಿ, ಊಟಕ್ಕೆ ಕೂಡುವಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂದಿರುವುದನ್ನು ನಾನು ಹತ್ತಾರು ಸಲ ಓದಿದ್ದೆ. ಅದು ಕರ್ತನ ಭೋಜನದ ಸಂಸ್ಕಾರಕ್ಕೆ ಸಂಬಂಧಿಸಿದ ಮಾತು ಎಂದಷ್ಟೇ ತಿಳಿದಿದ್ದೆ, ಪಲಾವಿಗೂ ಅದು ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ.

ಮರುವರ್ಷದಿಂದ ಎರಡು ಬದಲಾವಣೆ ಮಾಡಿದೆವು. ಮೊದಲನೆಯದಾಗಿ ತಿಂಡಿಯನ್ನು ಕೊನೆಯಿಂದ ನಡುವಿಗೆ ತಂದೆವು. ಮಗ್ಗದ ಮನೆಗಳಲ್ಲಿ ಬೆಳಗಿನ ಕೆಲಸ ಬೇಗ ಆರಂಭವಾಗುತ್ತದೆ. ಅಪ್ಪ ಮಗ್ಗಕ್ಕೆ ಕುಳಿತರೆ ಅವ್ವ ಕಂಡಿಕೆಗೆ ನೂಲು ಸುತ್ತುತ್ತಿರುತ್ತಾಳೆ, ಮಕ್ಕಳು ಬರಿಯ ಚಹಾ ಕುಡಿದು ಬಂದಿರುತ್ತಾರೆ. ಹತ್ತು ಗಂಟೆಯಾದ ಮೇಲೆ ಕಂಠಪಾಠದ ವಾಕ್ಯ ತಲೆಗೆ ಹೋಗದಿದ್ದರೆ ಅದು ಮಕ್ಕಳ ಅಲಕ್ಷ್ಯವಲ್ಲ, ಹಸಿವು. ಹತ್ತಕ್ಕೆ ತಿಂಡಿ ಕೊಡತೊಡಗಿದ ಮೇಲೆ ಗದ್ದಲ ಅರ್ಧಕ್ಕೆ ಇಳಿಯಿತು.

ಎರಡನೆಯದು ರೊಟ್ಟಿಯ ಸಂಗತಿ. ನಮ್ಮ ಖಜಾಂಚಿಯವರು ಹಣವಿಲ್ಲವೆಂದಾಗ, ಹತ್ತು ದಿನಗಳಲ್ಲಿ ಮೂರು ದಿನ ಮನೆಗೆ ಎರಡು ರೊಟ್ಟಿಯಂತೆ ಕೂಡಿಸೋಣ ಎಂದು ಸಭಾಪಾಲಕರ ಪತ್ನಿ ಸೂಚಿಸಿದರು. ಮಕ್ಕಳೇ ಬಟ್ಟೆಯಲ್ಲಿ ಸುತ್ತಿಕೊಂಡು ತಂದು ಒಂದೇ ಬುಟ್ಟಿಗೆ ಹಾಕಿದರು. ಝುಣಕ, ಶೇಂಗಾ ಚಟ್ನಿ ಮತ್ತು ಮಜ್ಜಿಗೆ ಮಾತ್ರ ನಮ್ಮವು. ಬಡಿಸುವಾಗ ಯಾರ ಮನೆಯ ರೊಟ್ಟಿ ಯಾರ ತಾಟಿಗೆ ಬೀಳುತ್ತದೆಯೋ ಹೇಳಲಾಗದು. ಮೊದಲ ದಿನವೇ ನನ್ನ ಪಕ್ಕದಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ನನ್ನ ತಾಟಿಗೆ ಬಗ್ಗಿ, ರೊಟ್ಟಿಯನ್ನು ಬೆರಳಿನಿಂದ ಸ್ವಲ್ಪ ಎತ್ತಿ ನೋಡಿ, "ಅಕ್ಕಾರ, ಇದು ನಮ್ಮವ್ವ ಬಡದಿದ್ದು ಐತ್ರಿ" ಎಂದಳು. ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವಳ ಅವ್ವನ ಬಲಗೈಯ ಕಿರುಬೆರಳು ಮಡಚುವುದಿಲ್ಲವಾದ್ದರಿಂದ ರೊಟ್ಟಿಯ ಅಂಚಿನ ಒಂದು ಕಡೆ ಸಣ್ಣ ದಂಡೆ ಉಳಿಯುತ್ತದೆಯಂತೆ. ಅದನ್ನು ಮುಟ್ಟಿಸಿ ತೋರಿಸಿದಳು. ಎರಡು ವರ್ಷ ಹಾಜರಿ ಪುಸ್ತಕದಲ್ಲಿ ಅವಳ ಹೆಸರನ್ನು ಕೂಗಿದ್ದ ನನಗೆ ಅವಳ ಮನೆಯ ಬಗ್ಗೆ ಗೊತ್ತಾದ ಮೊದಲ ಸಂಗತಿ ಅದು. ಅಂದು ಸಂಜೆಯೇ ಆ ಮನೆಗೆ ಹೋಗಿ ಬಂದೆ.

ಕನ್ನಡ ಬೈಬಲಿನಲ್ಲಿ ರೊಟ್ಟಿ ಎಂಬ ಪದವೇ ಇರುವುದು ನಮಗೆ ದೊಡ್ಡ ಅನುಕೂಲ. ಯೋಹಾನನ ಸುವಾರ್ತೆಯಲ್ಲಿ ಯೇಸು ಸಾವಿರಾರು ಜನರಿಗೆ ಉಣಿಸಿದ ಕಥೆಯಿದೆ. ಅದರಲ್ಲಿ ಹುಡುಗನೊಬ್ಬನ ಬಳಿ ಇದ್ದ ಐದು ರೊಟ್ಟಿಗಳು ಜವೆಗೋಧಿಯವು ಎಂದಿದೆ. ಗ್ರಂಥದ ಭಾಷೆಯಲ್ಲಿ ಅದು ಬಾರ್ಲಿ. ನಮ್ಮ ಕಡೆ ಜವೆಗೋಧಿ ಎಂದರೆ ಹುಗ್ಗಿ ಮಾಡುವ ಕೆಂಪು ಗೋಧಿ, ಮರಾಠಿಯವರು ಖಪಲಿ ಎನ್ನುವುದು. ಅದು ಹಬ್ಬದ ಧಾನ್ಯ. ಹೀಗಾಗಿ ನಮ್ಮ ಮಕ್ಕಳು ಆ ಹುಡುಗನನ್ನು ಶ್ರೀಮಂತರ ಮನೆಯವನೆಂದೇ ಭಾವಿಸಿದ್ದರು. ಬಾರ್ಲಿ ಅಲ್ಲಿನ ಬಡವರ ಅನ್ನ, ನಮ್ಮಲ್ಲಿ ಸಜ್ಜಿ ರೊಟ್ಟಿ ಇದ್ದ ಹಾಗೆ ಎಂದು ಪಂಕ್ತಿಯಲ್ಲಿ ರೊಟ್ಟಿ ಮುರಿಯುತ್ತ ಹೇಳಿದಾಗ ಕಥೆಯ ಅರ್ಥವೇ ಬೇರೆಯಾಯಿತು. ತರಗತಿಯಲ್ಲಿ ಚಿತ್ರ ತೋರಿಸಿ ಹೇಳಿದ್ದಾಗ ಯಾರೂ ಇದನ್ನು ಕೇಳಿರಲಿಲ್ಲ.

ಉಳಿದ ದಿನಗಳಿಗೆ ಸೂಸಲಾ, ಅಂದರೆ ಹಸಿ ಮಾಡಿದ ಚುರುಮುರಿಯ ಒಗ್ಗರಣೆ, ಮಾಡಿ. ಒಲೆಯ ಮುಂದೆ ನಿಲ್ಲುವ ಹೊತ್ತು ಕಡಿಮೆ, ಮಕ್ಕಳಿಗೂ ಇಷ್ಟ. ನಮ್ಮ ಲೆಕ್ಕದಲ್ಲಿ ಅರವತ್ತು ಮಕ್ಕಳಿಗೆ ಮೂರು ಕಿಲೋ ಚುರುಮುರಿ, ಒಂದೂವರೆ ಕಿಲೋ ಉಳ್ಳಾಗಡ್ಡಿ, ಅರ್ಧ ಕಿಲೋ ಶೇಂಗಾ ಬೇಕು. ಚುರುಮುರಿಯನ್ನು ನೀರಿನಲ್ಲಿ ಅದ್ದಿದ ಕೂಡಲೇ ಎರಡೂ ಅಂಗೈಗಳ ನಡುವೆ ಹಿಂಡಿ ತೆಗೆಯಬೇಕು. ನೆನೆಯಲು ಬಿಟ್ಟು ಬೇರೆ ಕೆಲಸಕ್ಕೆ ಹೋದರೆ ಗಂಜಿಯಾಗುತ್ತದೆ, ನಾನು ಒಮ್ಮೆ ಮಾಡಿದ್ದೇನೆ. ಪುಟಾಣಿ (ಹುರಿಗಡಲೆ) ಹಿಟ್ಟನ್ನು ಒಲೆ ಆರಿಸಿದ ಮೇಲೆಯೇ ಉದುರಿಸಿ. ಎರಡು ಲೀಟರ್ ಮೊಸರಿಗೆ ಎಂಟು ಲೀಟರ್ ನೀರು ಹಾಕಿ ಕಡೆದರೆ ಅರವತ್ತು ಲೋಟ ಮಜ್ಜಿಗೆ ಆಗುತ್ತದೆ. ಖರ್ಚು ಬಿಸ್ಕೀಟಿನ ಒಂದೂವರೆ ಪಟ್ಟು ಬರಬಹುದು, ರೊಟ್ಟಿಯ ದಿನಗಳಲ್ಲಿ ಅದು ಸರಿದೂಗುತ್ತದೆ. ಶೇಂಗಾ ಯಾರಿಗಾದರೂ ಆಗಿಬರುವುದಿಲ್ಲವೇ ಎಂದು ಹೆಸರು ಬರೆಸುವ ದಿನವೇ ತಾಯಂದಿರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಉಳ್ಳಾಗಡ್ಡಿ ಹೆಚ್ಚಲು ಬೆಳಿಗ್ಗೆ ಆರೂವರೆಗೆ ಮೂರು ನಾಲ್ಕು ಜನ ಬೇಕಾಗುತ್ತದೆ. ಈ ಕೆಲಸಕ್ಕೆ ಹಾಡಿನವರನ್ನೂ ಪಾಠದವರನ್ನೂ ಸರದಿಯಂತೆ ಕೂಡಿಸಿ. ಸಭೆಯಲ್ಲಿ ವರ್ಷಗಟ್ಟಲೆ ಬೇರೆ ಬೇರೆ ಬೆಂಚಿನಲ್ಲಿ ಕುಳಿತವರು ಒಂದೇ ಈಳಿಗೆಯ ಎದುರು ಕುಳಿತಾಗ ಮಾತನಾಡದೆ ಇರಲಾಗುವುದಿಲ್ಲ. ನಮ್ಮಲ್ಲಿ ಸಭೆಯ ಸುಗ್ಗಿ ಹಬ್ಬದ ಲಿಲಾವಿನಲ್ಲಿ (ಹರಾಜಿನಲ್ಲಿ) ಕುಂಬಳಕಾಯಿಯೊಂದಕ್ಕೆ ಜಿದ್ದು ಕಟ್ಟಿ ಮಾತು ಬಿಟ್ಟಿದ್ದ ಇಬ್ಬರು ಅತ್ತೆಯಂದಿರು ಬೆಳ್ಳುಳ್ಳಿ ಸುಲಿಯುತ್ತ ರಾಜಿಯಾದರು. ರಾಜಿ ಮಾಡಿಸಿದೆನೆಂದು ನಾನು ಹೇಳಿಕೊಳ್ಳಲಾರೆ, ಅವರ ನಡುವೆ ಇದ್ದದ್ದು ಒಂದೇ ಬುಟ್ಟಿ.

ನೆರೆಯ ಹಿಂದೂ ಮನೆಗಳ ಮಕ್ಕಳೂ ಗೆಳೆಯರೊಂದಿಗೆ ಬರುತ್ತಾರೆ. ಅವರ ಮನೆಯವರಿಗೆ ತಿಳಿಸಿಯೇ ಸೇರಿಸಿಕೊಳ್ಳಿ, ಏನು ತಿನ್ನಿಸುತ್ತೀರಿ ಎಂಬುದನ್ನೂ ಹೇಳಿ. ಹತ್ತು ದಿನವೂ ಎಲ್ಲರಿಗೂ ಸಸ್ಯಾಹಾರವೇ ಇರಲಿ. ಕೆಲವರಿಗೆ ತತ್ತಿ, ಕೆಲವರಿಗೆ ಬಾಳೆಹಣ್ಣು ಎಂದು ನಾವು ಒಂದು ವರ್ಷ ಮಾಡಿದಾಗ ಪಂಕ್ತಿ ತಾನಾಗಿಯೇ ಎರಡಾಯಿತು. ಊಟದ ಪ್ರಾರ್ಥನೆಯ ಹೊತ್ತಿಗೆ ಆ ಮಕ್ಕಳು ಸುಮ್ಮನೆ ಕುಳಿತರೆ ಸಾಕು, ಕೈ ಜೋಡಿಸು ಎಂದು ಹೇಳಬೇಡಿ. ಯಾವುದೇ ಮಗುವನ್ನು ಒಂಟಿಯಾಗಿ ಕರೆದು ಚಾಕಲೇಟು ಕೊಡುವುದನ್ನು ನಿಮ್ಮ ತಂಡದಲ್ಲಿ ಯಾರಿಗೂ ಬಿಡಬೇಡಿ, ಅದೆಷ್ಟೇ ಮಮತೆಯಿಂದ ಕೊಟ್ಟದ್ದಾದರೂ ಸರಿ. ಕೊಡುವುದೆಲ್ಲ ಪಂಕ್ತಿಯಲ್ಲಿ, ಎಲ್ಲರ ಎದುರಿಗೆ, ಕನಿಷ್ಠ ಇಬ್ಬರು ದೊಡ್ಡವರಿರುವಾಗ.

ಕಾಗದದ ತಟ್ಟೆ ತರಿಸಬೇಡಿ. ಮಕ್ಕಳು ಮನೆಯಿಂದಲೇ ತಾಟು ತರಲಿ, ಉಂಡ ಮೇಲೆ ನಳದ ಕೆಳಗೆ ತಾವೇ ತೊಳೆಯಲಿ, ನೀವೂ ಅದೇ ಸಾಲಿನಲ್ಲಿ ನಿಂತು ನಿಮ್ಮದನ್ನು ತೊಳೆಯಿರಿ. ಸ್ಟೀಲಿನ ತಾಟಿನ ಅಂಚಿಗೆ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಹೆಸರುಗಳಿರುತ್ತವೆ. ಮದುವೆಯಲ್ಲಿ ಮುಯ್ಯಿ ಮಾಡಿದವರ ಹೆಸರು, ತೀರಿಹೋದ ಅಜ್ಜಿಯ ಹೆಸರು. "ಇದು ಯಾರದು?" ಎಂದು ಕೇಳಿದರೆ ಸಾಕು, ಮಗು ಹೇಳತೊಡಗುತ್ತದೆ, ನಿಮಗೆ ಬೇರೆ ಪೀಠಿಕೆ ಬೇಕಾಗುವುದಿಲ್ಲ. ಮೊದಲ ದಿನ ನಾಲ್ಕೈದು ಮಕ್ಕಳು ತಾಟು ಮರೆತು ಬಂದೇ ಬರುತ್ತಾರೆ, ಆದ್ದರಿಂದ ನಿಮ್ಮದರ ಜೊತೆಗೆ ಐದು ತಾಟು ಹೆಚ್ಚಿಗೆ ಒಯ್ಯಿರಿ.